8 ತಿಂಗಳ ಕೂಸಿಗೆ ಯಾವ ಮಸರು?

ಪ್ರಶ್ನೆ: ಅಂಗಡಿ ಹಣ್ಣಿನ ಯೋಗರ್ಟ್ ಕೊಡಬೇಕೋ, ಮನಿ ಮಸರೋ? ಕಲಬುರಗಿ ಬಿಸಿಲಿಗೆ ಮನೀದು ಲಗೂನೇ ಹುಳಿ ಆಗ್ತದ್ರೀ.

ಉತ್ತರ 1: ಮನೀದೇ ಛಲೋ. ಕೆನಿ ತೆಗೀಲಾರದ ಹಾಲು ಉಕ್ಕಿಸಿ, ಉಗುರುಬೆಚ್ಚಗಾದ ಮ್ಯಾಲೆ ಅರ್ಧ ಲೀಟರಿಗೆ ಒಂದು ಚಮಚ ಹೆಪ್ಪು ಹಾಕ್ರಿ. ಬ್ಯಾಸಗ್ಯಾಗ 4-5 ತಾಸು ಸಾಕು, ಗಟ್ಟಿ ಆದ ಕೂಡಲೇ ಫ್ರಿಜ್‌ನ್ಯಾಗ ಇಡ್ರಿ. ರಾತ್ರಿಯಿಡೀ ಹೊರಗ ಬಿಟ್ರ ಬ್ಯಾಕ್ಟೀರಿಯಾ ಆಮ್ಲ ಮಾಡ್ತಾನೇ ಇರ್ತಾವ, ಹುಳಿ ಅದಕ್ಕೇ.

ಉತ್ತರ 2: ಅಂಗಡೀದೇ ಆದ್ರ ಡಬ್ಬಿ ಹಿಂದ ಓದ್ರಿ: ಹಾಲು, ಕಲ್ಚರ್ (ಹೆಪ್ಪಿನ ಬ್ಯಾಕ್ಟೀರಿಯಾ), ಅಷ್ಟೇ ಇರಬೇಕು. ಹಣ್ಣಿನದ್ರಾಗ ಸಕ್ಕರಿ ಸುರಿದಿರ್ತಾರ. ಸಿಹಿಗೆ ಬಾಳೆಹಣ್ಣು ಹಿಸುಕಿ ಕಲಸ್ರಿ. ಜೇನು ವರ್ಷ ತುಂಬೋ ತನಕ ಬ್ಯಾಡೇ ಬ್ಯಾಡ, ಬೊಟುಲಿಸಮ್ (ಬ್ಯಾಕ್ಟೀರಿಯಾ ವಿಷದಿಂದ ಬರೋ ಗಂಭೀರ ಜಡ್ಡು) ಅಪಾಯ ಅದ.

ಉತ್ತರ 3: ಮೊದಲ ಸಲ 1-2 ಚಮಚ, ಅದೂ ಹಗಲಿನ್ಯಾಗ. ದದ್ದು, ವಾಂತಿ ಕಂಡ್ರ ನಿಲ್ಲಿಸಿ ಡಾಕ್ಟರಿಗೆ ತೋರಿಸ್ರಿ.