ಪುಟ್ಟಿ, ಸಿಜಿಪಿಎಯನ್ನು ಹತ್ತರಿಂದ ಗುಣಿಸಿ ಬರೆಯಬೇಡ

ಪುಟ್ಟಿ, ನಮ್ಮ ಮನೆಯವರ ಗ್ರೂಪಿನಲ್ಲಿ ನಿನ್ನ ಮೆಸೇಜ್ ಈಗ ನೋಡಿದೆ ಕಣಮ್ಮ. ಬೆಳಗ್ಗೆಯಿಂದ ಹಪ್ಪಳ ಒತ್ತುತ್ತಿದ್ದೆ, ಫೋನ್ ಒಳಗೆ ಚಾರ್ಜಿಗೆ ಇತ್ತು. ಜರ್ಮನಿಯ ಎಂಎಸ್ ಅರ್ಜಿಯಲ್ಲಿ ಪರ್ಸೆಂಟೇಜ್ ಕೇಳಿದ್ದಾರೆ, ಮಾರ್ಕ್ಸ್ ಕಾರ್ಡಿನಲ್ಲಿ ಸಿಜಿಪಿಎ, ಅಂದರೆ ಎಲ್ಲಾ ಸೆಮಿಸ್ಟರ್ ಸೇರಿ ಹತ್ತಕ್ಕೆ ಬಂದ ಗ್ರೇಡಿನ ಸರಾಸರಿ, 7.92 ಅಂತ ಮಾತ್ರ ಇದೆ, ಒಬ್ಬರು ಹತ್ತರಿಂದ ಗುಣಿಸು ಅಂತಾರೆ, ಇನ್ನೊಬ್ಬರು 9.5ರಿಂದ ಅಂತಾರೆ, ನಾಳೆ ರಾತ್ರಿಯೇ ಕೊನೆ, ಏನು ಮಾಡಲಿ ಅತ್ತೆ ಅಂತ ಕೇಳಿದ್ದೀಯ. ಕೆಳಗೆ ನಿಮ್ಮ ಚಿಕ್ಕಪ್ಪ "ಹತ್ತರಿಂದ ಗುಣಿಸು, 79.2, ಮುಗೀತು" ಅಂತ ಹಾಕಿ ಹೆಬ್ಬೆಟ್ಟು ತೋರಿಸಿದ್ದಾರೆ. ಅದನ್ನು ನೋಡಿದ ಮೇಲೆ ನನಗೆ ಕೈ ಆಡಲಿಲ್ಲ. ಟೈಪ್ ಮಾಡುತ್ತಾ ಕೂತರೆ ರಾತ್ರಿ ಆಗುತ್ತದೆ, ಅದಕ್ಕೆ ಮಾತಾಡಿಯೇ ಕಳಿಸುತ್ತಿದ್ದೇನೆ. ಉದ್ದ ಆಯಿತು ಅಂತ ಅರ್ಧಕ್ಕೆ ಬಿಡಬೇಡ, ಪೂರ್ತಿ ಕೇಳು.

ಮೊದಲು ಒಂದು ಮಾತು. ಹತ್ತರಿಂದ ಗುಣಿಸಿ ಬರೆಯಬೇಡ. ಯಾರು ಹೇಳಿದರೂ ಬರೆಯಬೇಡ.

ನಮ್ಮ ದೊಡ್ಡ ಮಗನ ವಿಷಯ ನಿಮಗೆಲ್ಲ ಗೊತ್ತು. ಗೊತ್ತು ಅಂದುಕೊಂಡಿದ್ದೀರಿ. ಪೂರ್ತಿ ಯಾರಿಗೂ ಗೊತ್ತಿಲ್ಲ, ಇವತ್ತು ಹೇಳುತ್ತೇನೆ. ಅವನು 2019ರಲ್ಲಿ ಇಂಜಿನಿಯರಿಂಗ್ ಮುಗಿಸಿದ. ಸಿಜಿಪಿಎ 6.62. ಓದಿನಲ್ಲಿ ಹಿಂದೆ ಇರಲಿಲ್ಲ, ಮೂರನೇ ಸೆಮಿಸ್ಟರಿನಲ್ಲಿ ಅವರಪ್ಪನಿಗೆ ಆಪರೇಷನ್ ಆಯಿತಲ್ಲ, ಆಗ ಬಿದ್ದದ್ದು ಮೇಲೆ ಬರಲಿಲ್ಲ. ಒಂದು ಕಂಪನಿಯವರು ಕರೆದಿದ್ದರು. ಹತ್ತನೇ ಕ್ಲಾಸು, ಪಿಯುಸಿ, ಡಿಗ್ರಿ ಮೂರರಲ್ಲೂ 60 ಪರ್ಸೆಂಟ್ ಇರಬೇಕು ಅಂತ ನಿಯಮ. ಭಾನುವಾರ ಸಾಯಂಕಾಲ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ತುಂಬಿದೆವು. ನಾನು ಪಕ್ಕದಲ್ಲಿ ಕೂತು ಕಾರ್ಡ್ ನೋಡಿ ಒಂದೊಂದೇ ನಂಬರ್ ಓದಿ ಹೇಳುತ್ತಿದ್ದೆ. ಪರ್ಸೆಂಟೇಜ್ ಅನ್ನುವ ಜಾಗ ಬಂತು. ಹತ್ತಕ್ಕೆ 6.62 ಅಂದರೆ ನೂರಕ್ಕೆ 66.2 ಅಲ್ವೇನೋ ಅಂದವಳು ನಾನೇ. ಅವನು ಒಂದು ಕ್ಷಣ ನನ್ನ ಮುಖ ನೋಡಿದ. ಆಮೇಲೆ ಬರೆದ.

ಮೈಸೂರಿನಲ್ಲಿ ಪರೀಕ್ಷೆ ಪಾಸಾಯಿತು. ಬೆಂಗಳೂರಿನಲ್ಲಿ ಇಂಟರ್‌ವ್ಯೂ ಪಾಸಾಯಿತು. ಕೊನೆಗೆ ದಾಖಲೆ ನೋಡುವ ದಿನ ನಾನೂ ಜೊತೆಗೆ ಹೋಗಿದ್ದೆ. ಹೊರಗೆ ಹೊಂಗೆ ಮರದ ಕೆಳಗೆ ಕಲ್ಲುಬೆಂಚು ಇತ್ತು, ಚಿತ್ರಾನ್ನದ ಡಬ್ಬಿ ಮಡಿಲಲ್ಲಿಟ್ಟುಕೊಂಡು ಅಲ್ಲೇ ಕೂತಿದ್ದೆ. ಒಳಗೆ ಆದದ್ದು ಅವನು ಆಮೇಲೆ ಹೇಳಿದ್ದು. ಮೇಜಿನ ಆಚೆಗಿದ್ದ ಮೇಡಂ ಕಾರ್ಡ್ ನೋಡಿದರು, ಅರ್ಜಿ ನೋಡಿದರು, ಕ್ಯಾಲ್ಕುಲೇಟರ್ ತೆಗೆದುಕೊಂಡರು. 6.62ರಲ್ಲಿ 0.75 ಕಳೆದರು, ಹತ್ತರಿಂದ ಗುಣಿಸಿದರು, ಇವನ ಕಡೆ ತಿರುಗಿಸಿ ತೋರಿಸಿದರು. 58.7. "ನಿಮ್ಮ ಯೂನಿವರ್ಸಿಟಿಯ ಲೆಕ್ಕ ಇದು, ನೀವು 66.2 ಅಂತ ಸಹಿ ಹಾಕಿದ್ದೀರಿ" ಅಂದರಂತೆ. ಗಟ್ಟಿಯಾಗಿ ಸಹ ಮಾತಾಡಲಿಲ್ಲವಂತೆ.

ಹೊರಗೆ ಬಂದ. ನಾನು ಏನಾಯಿತೋ ಅಂದೆ. ಮಾತಾಡಲಿಲ್ಲ. ಬೆಂಚಿನ ಮೇಲೆ ಕೂತು ಒಂದೊಂದೇ ಕಾರ್ಡನ್ನು ಪ್ಲಾಸ್ಟಿಕ್ ಕವರಿನೊಳಗೆ ವಾಪಸ್ ಸೇರಿಸಿದ. ಎಂಟು ಸೆಮಿಸ್ಟರಿನ ಎಂಟು ಕಾರ್ಡು, ಅಂಚು ಮಡಚದ ಹಾಗೆ ನೆಟ್ಟಗೆ. ಆ ಕೈ ನನಗೆ ಈಗಲೂ ಕಾಣುತ್ತದೆ.

58.7 ಅಂತ ಬರೆದಿದ್ದರೆ ಅರ್ಜಿಯೇ ಮುಂದೆ ಹೋಗುತ್ತಿರಲಿಲ್ಲ, ಅದು ನಿಜ. ಆದರೆ ಈ ಕೆಲಸ ಬಂದೇ ಬಂತು ಅಂತ ಇನ್ನೊಂದು ಕಡೆಯಿಂದ ಬಂದ ಕರೆಯನ್ನು ಬಿಟ್ಟಿದ್ದ ಅವನು. ಅದೂ ಹೋಯಿತು. ಎಂಟು ತಿಂಗಳು ಮನೆಯಲ್ಲಿ ಕೂತ.

ಆ ಎಂಟು ತಿಂಗಳಲ್ಲಿ ನಮ್ಮ ಮನೆಗೆ ಯಾರು ಬಂದಿರಿ ಹೇಳಿ. ಭಾವನವರು ಒಂದು ಸಲ ಫೋನ್ ಮಾಡಿದರು, ಇಲ್ಲ ಅನ್ನಲ್ಲ. ಹಾಸನದ ಗೃಹಪ್ರವೇಶದಲ್ಲಿ ನಾನು ಎಲೆ ಹಾಕುತ್ತಿದ್ದೆ, ಹಿಂದಿನ ಸಾಲಿನಲ್ಲಿ ಒಬ್ಬರು "ಸುಳ್ಳು ಪರ್ಸೆಂಟೇಜ್ ಬರೆದು ಸಿಕ್ಕಿಬಿದ್ದನಂತೆ" ಅಂದದ್ದು ನನ್ನ ಕಿವಿಗೆ ಬಿತ್ತು. ಯಾರು ಅಂತ ಹೇಳಲ್ಲ, ಈ ಗ್ರೂಪಿನಲ್ಲೇ ಇದ್ದಾರೆ, ಕೇಳಿಸಿಕೊಳ್ಳಲಿ. ನನ್ನ ಮಗ ಸುಳ್ಳು ಬರೆಯಲಿಲ್ಲ. ತಪ್ಪು ಲೆಕ್ಕ ಬರೆದ, ಆ ಲೆಕ್ಕ ಹೇಳಿಕೊಟ್ಟವಳು ನಾನು. ಎರಡೂ ಒಂದೇ ಅಲ್ಲ. ಇವತ್ತು ಅವನು ಚೆನ್ನಾಗಿದ್ದಾನೆ, ಅದು ಬೇರೆ ಮಾತು. ಆವತ್ತು ನಿಮ್ಮಲ್ಲಿ ಒಬ್ಬರು ಬಂದು ಭುಜದ ಮೇಲೆ ಕೈ ಇಟ್ಟಿದ್ದರೆ ಸಾಕಿತ್ತು. ಪುಟ್ಟಿ, ನಿಮ್ಮಮ್ಮ ಮಾತ್ರ ಕೋಸಂಬರಿ ಪಾತ್ರೆ ಕೆಳಗಿಟ್ಟು ನನ್ನನ್ನು ಒಳಗೆ ಕರಕೊಂಡು ಹೋದಳು. ಅದನ್ನು ನಾನು ಮರೆತಿಲ್ಲ. ನಿನ್ನ ಮೆಸೇಜ್ ನೋಡಿ ಹೊಟ್ಟೆಯಲ್ಲಿ ತಳಮಳ ಆದದ್ದು ಅದಕ್ಕೇ.

ಇನ್ನೊಂದು ಸಲ ಹೇಳುತ್ತೇನೆ, ಹತ್ತರಿಂದ ಗುಣಿಸಿ ಬರೆಯಬೇಡ. ಚಿಕ್ಕಪ್ಪನ ಮೇಲೆ ನನಗೇನೂ ಬೇಜಾರಿಲ್ಲ, ಅವರ ಕಾಲದಲ್ಲಿ ಮಾರ್ಕ್ಸ್ ಇತ್ತು, ಗ್ರೇಡ್ ಇರಲಿಲ್ಲ. ಅದು ಯಾಕೆ ತಪ್ಪು ಅಂತ ದೊಡ್ಡವನೇ ನನಗೆ ಆಮೇಲೆ ಹಾಳೆ ಮೇಲೆ ಬರೆದು ತೋರಿಸಿದ. ನೀವಿಬ್ಬರೂ ಓದಿದ ವಿಟಿಯು ಯೂನಿವರ್ಸಿಟಿಯಲ್ಲಿ ಒಂದು ವಿಷಯಕ್ಕೆ 70ರಿಂದ 79ರವರೆಗೆ ಎಷ್ಟು ಬಂದರೂ ಗ್ರೇಡ್ ಪಾಯಿಂಟ್ 8. 71 ಬಂದವಳಿಗೂ 8, 79 ಬಂದವಳಿಗೂ 8. ಹತ್ತರಿಂದ ಗುಣಿಸಿದರೆ ಇಬ್ಬರಿಗೂ 80 ಆಗಿಬಿಡುತ್ತದೆ. ಇಬ್ಬರಿಗೂ 80 ಬಂದಿಲ್ಲವಲ್ಲ! ಆ ಉಬ್ಬನ್ನು ಇಳಿಸುವುದಕ್ಕೇ 0.75 ಕಳೆಯುವುದು. 6.75 ಅಂದರೆ 60 ಪರ್ಸೆಂಟ್, 7.75 ಅಂದರೆ 70. ಫಸ್ಟ್ ಕ್ಲಾಸ್, ಡಿಸ್ಟಿಂಕ್ಷನ್ನಿನ ಗೆರೆಯೂ ಅಲ್ಲೇ ಇದೆ ನೋಡು.

9.5 ಅನ್ನುವುದು ಸಿಬಿಎಸ್‌ಇ ಹತ್ತನೇ ಕ್ಲಾಸಿಗೆ ಸಿಜಿಪಿಎ ಕೊಡುತ್ತಿದ್ದ ಕಾಲದ ಲೆಕ್ಕ. ನಿನ್ನ ಡಿಗ್ರಿಗೂ ಅದಕ್ಕೂ ಸಂಬಂಧವೇ ಇಲ್ಲ.

ಅಯ್ಯೋ, ನೀನು ಕೇಳಿದ್ದಕ್ಕೆ ಇನ್ನೂ ಉತ್ತರವನ್ನೇ ಕೊಟ್ಟಿಲ್ಲ. ಪೆನ್ನು ತಗೋ. ನೀನು 2018ರ ಸ್ಕೀಮಿನವಳು, ಅಂದರೆ ಆ ವರ್ಷ ಬಂದ ಸಿಲಬಸ್, ನಿಯಮದಲ್ಲಿ ಓದಿದವಳು, 2022ರಲ್ಲಿ ಮುಗಿಸಿದವಳು. 7.92ರಲ್ಲಿ 0.75 ಕಳೆದರೆ 7.17. ಹತ್ತರಿಂದ ಗುಣಿಸಿದರೆ 71.7. ನಿನ್ನ ಪರ್ಸೆಂಟೇಜ್ ಅದೇ. 79.2 ಅಲ್ಲ, 9.5ರಿಂದ ಬರುವ 75.24 ಕೂಡ ಅಲ್ಲ. ನಿನ್ನ ತಮ್ಮ ಹೊಸ ಸ್ಕೀಮಿನವನು, ಅವನಿಗೆ ಇದನ್ನೇ ಹಾಕಬೇಡಿ, ಅವನ ಸ್ಕೀಮಿನ ನಿಯಮದಲ್ಲಿ ಏನಿದೆಯೋ ಅದು.

ಸಿಜಿಪಿಎಯೇ ಸರಿಯಾಗಿದೆಯಾ ಅಂತ ಒಂದು ಸಲ ನೋಡಿಬಿಡು. ಎಸ್‌ಜಿಪಿಎ ಅಂದರೆ ಒಂದೊಂದು ಸೆಮಿಸ್ಟರಿನ ಗ್ರೇಡ್ ಸರಾಸರಿ, ಎಂಟು ಸೆಮಿಸ್ಟರಿನದನ್ನೂ ಕೂಡಿ ಎಂಟರಿಂದ ಭಾಗಿಸಿದರೆ ತಪ್ಪು. ಕ್ರೆಡಿಟ್, ಅಂದರೆ ಒಂದೊಂದು ವಿಷಯಕ್ಕೆ ಕೊಟ್ಟಿರುವ ತೂಕ, ಅದನ್ನು ಹಿಡಿದು ಲೆಕ್ಕ ಹಾಕಬೇಕು. ಒಂದು ಸೆಮಿಸ್ಟರಿನಲ್ಲಿ 24 ಕ್ರೆಡಿಟ್ಟಿಗೆ 7 ಬಂತು, ಇನ್ನೊಂದರಲ್ಲಿ 16 ಕ್ರೆಡಿಟ್ಟಿಗೆ 9 ಬಂತು ಅನ್ನು. 168, 144, ಕೂಡಿದರೆ 312. ಒಟ್ಟು 40 ಕ್ರೆಡಿಟ್ಟಿಂದ ಭಾಗಿಸಿದರೆ 7.8. ಸುಮ್ನೆ ಸರಾಸರಿ ತೆಗೆದರೆ 8 ಅಂತ ಬರುತ್ತದೆ. ಕಾರ್ಡಿನಲ್ಲಿ ಏನು ಅಚ್ಚಾಗಿದೆಯೋ ಅದನ್ನೇ ಬರಿ, ನೀನು ಹಾಕಿದ್ದನ್ನಲ್ಲ.

ಇನ್ನು ಜರ್ಮನಿಯವರ ಗ್ರೇಡು. ನಮ್ಮ ಚಿಕ್ಕವನು ಹೋಗುವಾಗ ಇದೆಲ್ಲ ಮನೆಯಲ್ಲೇ ಆಯಿತು, ಅದಕ್ಕೆ ಗೊತ್ತು. ಅಲ್ಲಿ 1 ಅಂದರೆ ಎಲ್ಲಕ್ಕಿಂತ ಮೇಲು, 4 ಅಂದರೆ ಬರೀ ಪಾಸು. ಉಲ್ಟಾ. ಲೆಕ್ಕಕ್ಕೆ ಬವೇರಿಯನ್ ಸೂತ್ರ ಅಂತಾರೆ. ಹತ್ತರಿಂದ ನಿನ್ನ ಸಿಜಿಪಿಎ ಕಳೆ, ಬಂದದ್ದನ್ನು ಹತ್ತಕ್ಕೂ ಕನಿಷ್ಠ ಪಾಸಿಗೂ ಇರುವ ಅಂತರದಿಂದ ಭಾಗಿಸು, ಮೂರರಿಂದ ಗುಣಿಸು, ಒಂದು ಕೂಡು. ಪಾಸು 4 ಅಂತ ಹಿಡಿದರೆ ನಿನಗೆ 2.04 ಬರುತ್ತದೆ. 5 ಅಂತ ಹಿಡಿದರೆ 2.25. ಇಷ್ಟು ವ್ಯತ್ಯಾಸ ಆಗುತ್ತದೆ, ಅದಕ್ಕೆ ನಿನಗೆ ಅನುಕೂಲ ಆಗುವ ನಂಬರ್ ನೀನೇ ಆರಿಸಿಕೊಳ್ಳಬೇಡ. ಆ ಯೂನಿವರ್ಸಿಟಿಯ ಅಡ್ಮಿಷನ್ನಿನವರಿಗೆ ಈಗಲೇ ಮೇಲ್ ಹಾಕು, ಯಾವುದನ್ನು ಹಿಡಿಯಬೇಕು ಅಂತ ಕೇಳು. ಸಿಜಿಪಿಎ ಹಾಗೇ ಬರೆಯಲು ಜಾಗ ಇದ್ದರೆ 10ಕ್ಕೆ 7.92 ಅಂತಲೇ ಬರಿ, ಪರ್ಸೆಂಟೇಜ್ ಕೇಳಿದ ಕಡೆ ಮಾತ್ರ 71.7. ಲೆಕ್ಕದ ನಿಯಮ ಇರುವ ಹಾಳೆಯನ್ನು ಪಿಡಿಎಫ್ ಮಾಡಿ ಜೊತೆಗೆ ಸೇರಿಸು.

ಎಪಿಎಸ್ ಸರ್ಟಿಫಿಕೇಟ್, ಅದೇ ನಿನ್ನ ಓದಿನ ದಾಖಲೆ ಜರ್ಮನಿಯವರ ಕಡೆಯಿಂದ ಪರಿಶೀಲಿಸಿ ಕೊಡುವುದು, ಮಾಡಿಸಿದ್ದೀಯ ತಾನೇ? ನಮ್ಮ ದೇಶದ ಮಕ್ಕಳಿಗೆ 2022ರ ನವೆಂಬರಿನಿಂದ ಅದು ವೀಸಾಕ್ಕೆ ಕಡ್ಡಾಯ. ಮಾಡಿಸಿರದಿದ್ದರೆ ಇವತ್ತೇ ಹೇಳು.

ಸಬ್ಮಿಟ್ ಒತ್ತುವ ಮೊದಲು ತುಂಬಿದ ಪುಟದ ಫೋಟೋ ನನಗೊಬ್ಬಳಿಗೇ ಕಳಿಸು, ಗ್ರೂಪಿಗೆ ಹಾಕಬೇಡ. ದೊಡ್ಡವನು ಎಂಟಕ್ಕೆ ಆಫೀಸಿಂದ ಬರುತ್ತಾನೆ, ಅವನ ಕೈಯಲ್ಲಿ ಒಂದು ಸಲ ನೋಡಿಸುತ್ತೇನೆ. ನಿಮ್ಮಮ್ಮನಿಗೆ ಹಪ್ಪಳ ಒಣಗಿದ ಮೇಲೆ ಕಳಿಸುತ್ತೇನೆ ಅಂತ ಹೇಳು.