ಕಿರಣನ ಪಿಕಪ್ ಪ್ರಶ್ನೆಗೆ ಮಾವನ ವಾಯ್ಸ್ ಮೆಸೇಜ್

ಕಿರಣ, ಮಾವ ಮಾತಾಡ್ತಿರೋದು ಕಣಪ್ಪ. ಗ್ಯಾರೇಜ್ ಬಾಗಿಲು ಹಾಕಿ ಈಗ ಕೂತ್ಕೊಂಡೆ. ಸ್ವಲ್ಪ ಉದ್ದ ಆಗತ್ತೆ, ಪೂರ್ತಿ ಕೇಳು. ಬೆಳಗ್ಗೆಯಿಂದ ಗ್ರೂಪಲ್ಲಿ ನಿನ್ನ ಮಾತೇ ನಡೀತಿದೆ. ಶ್ರೀನಿವಾಸಪುರದಿಂದ ಕೋಲಾರ ಮಂಡಿಗೆ ಟೊಮ್ಯಾಟೊ ಹೊಡೀಬೇಕು, ಸೀಸನ್ ಬಂದ್ರೆ ಮಾವಿನಕಾಯಿ, ಅದಕ್ಕೊಂದು ಪಿಕಪ್ ತಗೋಬೇಕು, ಯಾವ ಕಂಪನಿ ಗಟ್ಟಿ, ಯಾವುದು ಜಾಸ್ತಿ ಓಡ್ತಿದೆ ಅಂತ ಕೇಳಿದ್ದೀಯ. ಭಾವ ಟಾಟಾ ಬಿಟ್ಟು ಬೇರೆ ಮುಟ್ಟಬೇಡ ಅಂದ್ರು. ನಿನ್ನ ಸ್ನೇಹಿತ ಅಶೋಕ್ ಲೇಲ್ಯಾಂಡಿನ ದೋಸ್ತ್ ಗಾಡಿ ತಗೋ ಅಂದನಂತೆ. ಸುಮಾ ಡಲ್ಲಾಸಿಂದ ಫೋರ್ಡ್ ಗಾಡಿ ಫೋಟೋ ಹಾಕಿ, ಗಟ್ಟಿ ಬೇಕು ಅಂದ್ರೆ ಟೊಯೋಟಾನೇ ಅಂದಿದ್ದಾಳೆ. ಅಕ್ಕ ಸಾಲ ಎಷ್ಟಾಗತ್ತೆ ಅಂತ ಕೇಳಿದ್ಲು, ಅದಕ್ಕೆ ಮಾತ್ರ ಇಲ್ಲಿವರೆಗೆ ಯಾರೂ ಬಾಯಿ ಬಿಟ್ಟಿಲ್ಲ.

ಮೊದಲು ಒಂದು ಮಾತು. ನಮ್ಮ ಕಡೆ ಯಾವ ಗಾಡಿ ಜಾಸ್ತಿ ಮಾರಾಟ ಆಗತ್ತೋ ಅದೇ ಜಾಸ್ತಿ ವರ್ಷ ಬಾಳತ್ತೆ. ಕಂಪನಿ ಕಬ್ಬಿಣ ದಪ್ಪ ಹಾಕಿದೆ ಅಂತಷ್ಟೇ ಅಲ್ಲ. ಅದರ ಕ್ಲಚ್ ಪ್ಲೇಟು, ಬ್ರೇಕ್ ಲೈನರ್ರು, ವಾಟರ್ ಪಂಪು ಮುಳಬಾಗಿಲಲ್ಲೂ ಸಿಗತ್ತೆ, ಚಿಂತಾಮಣೀಲೂ ಸಿಗತ್ತೆ, ಬಿಚ್ಚೋಕೆ ಬರೋ ಹುಡುಗ ಪ್ರತಿ ಹೋಬಳೀಲೂ ಇರ್ತಾನೆ. ಕೆಟ್ಟ ದಿನವೇ ರಿಪೇರಿ ಆಗೋ ಗಾಡಿ ಉಳಿಯತ್ತೆ. ಪಾರ್ಟ್ ಬರ್ಲಿ ಅಂತ ಎರಡು ವಾರ ಶೆಡ್ಡಲ್ಲಿ ನಿಲ್ಲೋ ಗಾಡಿ ಎಷ್ಟೇ ಒಳ್ಳೇದಾದ್ರೂ ಮಾಲೀಕ ಬೇಸತ್ತು ಮಾರ್ತಾನೆ. ತಗೊಂಡೋನು ಸರ್ವೀಸ್ ಮಾಡಿಸಲ್ಲ, ಅಲ್ಲಿಗೆ ಅದು ಗುಜರಿಗೆ ಹತ್ತಿರ ಆಗತ್ತೆ.

ಭಾವ, ನೀವು ಹೇಳಿದ್ದಕ್ಕೆ ಆಧಾರ ಇದೆ, ಇಲ್ಲ ಅನ್ನಲ್ಲ. 1980ರ ದಶಕದಲ್ಲಿ ಸಣ್ಣ ಲಾರಿಗೆ ಅಂತ ಜಪಾನಿನವರು ಸಾಲಾಗಿ ಬಂದ್ರು. ಡಿಸಿಎಂ ಕಂಪನಿ ಜೊತೆ ಟೊಯೋಟಾ, ಐಷರ್ ಜೊತೆ ಮಿತ್ಸುಬಿಷಿ, ಸ್ವರಾಜ್ ಜೊತೆ ಮಜ್ದಾ, ಆಲ್ವಿನ್ ಜೊತೆ ನಿಸ್ಸಾನ್. ಗಾಡಿಗಳು ನಯವಾಗಿದ್ವು, ಎಂಜಿನ್ ಚೆನ್ನಾಗಿತ್ತು. 1986ರಲ್ಲಿ ಟಾಟಾದವರು 407 ಅನ್ನೋ ಸಣ್ಣ ಲಾರಿ ತಂದ್ರು. ಆ ಹೊತ್ತಿಗೆ ಜಪಾನಿನ ಯೆನ್ ಬೆಲೆ ಏರಿ, ಅಲ್ಲಿಂದ ತರಿಸೋ ಬಿಡಿಭಾಗ ಕೈ ಸುಡ್ತು. 407ಕ್ಕೆ ಎಲ್ಲಾ ಇಲ್ಲೇ ಸಿಗ್ತಿತ್ತು. ಕೊನೆಗೆ ಡಿಸಿಎಂ ಟೊಯೋಟಾ ಕೊರಿಯಾದ ಡೇವೂ ಕಂಪನಿ ಕೈ ಸೇರ್ತು, 407 ಇವತ್ತಿಗೂ ಮಂಡಿ ಮುಂದೆ ನಿಂತಿದೆ. ಸುಮಾ, ನೀನೂ ಇದನ್ನ ಕೇಳಿಸ್ಕೋ ಅಮ್ಮ. ಟೊಯೋಟಾ ಗಟ್ಟಿ ಅನ್ನೋದರಲ್ಲಿ ಎರಡು ಮಾತಿಲ್ಲ. 1987ರಲ್ಲಿ ಆಫ್ರಿಕಾದ ಚಾಡ್ ದೇಶದ ಸೈನಿಕರು ಲಿಬಿಯಾದ ಟ್ಯಾಂಕುಗಳನ್ನ ಟೊಯೋಟಾ ಪಿಕಪ್ ಮೇಲೆ ಕೂತೇ ಹಿಮ್ಮೆಟ್ಟಿಸಿದ್ರು, ಆ ಯುದ್ಧಕ್ಕೇ ಟೊಯೋಟಾ ಯುದ್ಧ ಅಂತ ಹೆಸರು ಬಿತ್ತು. ಅಂಥ ಕಂಪನಿಗೂ ನಮ್ಮ ದೇಶದ ಸಣ್ಣ ಲಾರಿ ವ್ಯಾಪಾರದಲ್ಲಿ ನಿಲ್ಲೋಕೆ ಆಗ್ಲಿಲ್ಲ.

ಆಮೇಲೆ 1988ರಲ್ಲಿ ಟಾಟಾದ 206 ಪಿಕಪ್, ಅದರ ಹಿಂದೆ 207. ಭಾವನ ಮನಸ್ಸಲ್ಲಿರೋದು ಆ 207. ನಾನೂ ಎಷ್ಟೋ ಬಿಚ್ಚಿ ಜೋಡಿಸಿದ್ದೀನಿ, ಚಿನ್ನದಂಥ ಗಾಡಿ. ಆದ್ರೆ ಭಾವ, ಇವತ್ತು ಶೋರೂಮಿಗೆ ಹೋದ್ರೆ 207 ಕೊಡಲ್ಲ. ಅದರ ಜಾಗಕ್ಕೆ 2017ರಿಂದ ಯೋಧಾ ಇದೆ. 2.2 ಲೀಟರ್ ಎಂಜಿನ್ನು, ಎಳೆಯೋ ಶಕ್ತಿಗೆ ಏನೂ ಕಮ್ಮಿ ಇಲ್ಲ. ನಮ್ಮ ತಾಲ್ಲೂಕಲ್ಲಿ ಎಷ್ಟು ಯೋಧಾ ಓಡ್ತಿವೆ ಅಂತ ಮಂಡಿ ಗೇಟಲ್ಲಿ ನಿಂತು ನೋಡಿ, ಆಮೇಲೆ ಮಾತಾಡೋಣ.

ಟಾಟಾ ನಿಜವಾಗಿ ಗೆದ್ದಿದ್ದು ಏಸ್‌ನಲ್ಲಿ. 2005ರ ಮೇನಲ್ಲಿ ಬಂತು. ಎರಡು ಸಿಲಿಂಡರು, 702 ಸಿಸಿ, ಮುಕ್ಕಾಲು ಟನ್ ಹೊರತ್ತೆ. ಮೂರು ಚಕ್ರದ ಗೂಡ್ಸ್ ಆಟೋ ಓಡಿಸ್ತಿದ್ದವನಿಗೆ ನಾಲ್ಕು ಚಕ್ರ, ಮೇಲೊಂದು ಸೂರು ಸಿಕ್ತು. ಎಷ್ಟು ಸಂಸಾರ ಆ ಗಾಡಿಯಿಂದ ನೆಲೆ ಕಂಡ್ವು ಅಂತ ನಮ್ಮ ಬೀದಿಯಲ್ಲೇ ತೋರಿಸ್ತೀನಿ. ಲಕ್ಷ ಲಕ್ಷ ಮಾರಾಟ ಆಗಿವೆ, 20 ಲಕ್ಷದ ಗಡಿ ಯಾವತ್ತೋ ದಾಟ್ತು. ಪೇಟೆ ಒಳಗೆ ನೀರಿನ ಕ್ಯಾನು, ಗ್ಯಾಸು, ದಿನಸಿ ಹಾಕೋಕೆ ಅದೇ ಸರಿ. ನಿನ್ನ ಕೆಲಸಕ್ಕೆ ಸಾಲದು ಕಿರಣ, ಯಾಕೆ ಅಂತ ಲೆಕ್ಕ ಹಾಕ್ತೀನಿ.

ಕೋಲಾರದಲ್ಲಿ ಟೊಮ್ಯಾಟೊ ಬಾಕ್ಸ್ 15 ಕೆಜಿ ಅಲ್ವಾ? ಖಾಲಿ ಬಾಕ್ಸ್ ತೂಕನೂ ಸೇರಿಸಿ 17 ಇಟ್ಕೋ. ಮುಕ್ಕಾಲು ಟನ್ ಗಾಡೀಲಿ 44 ಬಾಕ್ಸ್. 1,300 ಕೆಜಿ ಹೊರೋ ಟಾಟಾ ಇಂಟ್ರಾ ವಿ30 ಆದ್ರೆ 75ರ ಆಸುಪಾಸು. ಮಹೀಂದ್ರ ಬೊಲೆರೊ ಪಿಕಪ್ 1.7 ಟನ್ನಿನದು ತಗೊಂಡ್ರೆ ಸರಿಯಾಗಿ 100 ಬಾಕ್ಸ್. ನಿಮ್ಮ ತೋಟದ್ದು, ಪಕ್ಕದ ತೋಟದ್ದು ಸೇರಿ ಒಂದು ಕೊಯ್ಲಿಗೆ ನೂರರ ಹತ್ತಿರ ಬರತ್ತೆ ಅಂತ ನೀನೇ ಹೇಳಿದ್ದೀಯ. 75ರ ಗಾಡಿ ತಗೊಂಡು ದಿನಾ 100 ಹೇರಿದ್ರೆ ಅದು ಯಾವ ಕಂಪನಿಯದೇ ಆಗ್ಲಿ, ಎರಡನೇ ವರ್ಷಕ್ಕೆ ನನ್ನ ಗ್ಯಾರೇಜಲ್ಲಿ ಮಲಗತ್ತೆ. ನಮ್ಮ ಹತ್ರ ಬರೋ ಪಿಕಪ್ ಕೆಲಸದಲ್ಲಿ ಬಹುಪಾಲು ಓವರ್‌ಲೋಡ್ ಕೆಲಸವೇ. ಹಿಂದಿನ ಸ್ಪ್ರಿಂಗ್ ಪ್ಲೇಟ್ ಮುರಿದಿರತ್ತೆ, ಕ್ಲಚ್ ಸುಟ್ಟಿರತ್ತೆ, ವೀಲ್ ಬೇರಿಂಗ್ ಹೋಗಿರತ್ತೆ. ಬಂದೋರು ಕಂಪನಿಯನ್ನ ಬೈತಾರೆ. ನನಗೆ ಸಂಕಟ ಆಗತ್ತೆ, ಯಾಕಂದ್ರೆ ಗಾಡಿ ತನ್ನ ಕೈಲಾದ್ದಕ್ಕಿಂತ ಜಾಸ್ತೀನೇ ಮಾಡಿರತ್ತೆ. ಹಿಡಿದ್ರೆ ದಂಡ ಬೇರೆ. 2019ರ ತಿದ್ದುಪಡಿ ಆದ್ಮೇಲೆ ಕಾಯ್ದೆ ಪ್ರಕಾರ 20,000 ರೂಪಾಯಿ, ಅದರ ಮೇಲೆ ಹೆಚ್ಚಾದ ಪ್ರತಿ ಟನ್ನಿಗೆ 2,000. ಒಂದು ಸಲ ಸಿಕ್ಕಿಬಿದ್ರೆ ಆ ವಾರದ ಬಾಡಿಗೆ ಎಲ್ಲಾ ಅಲ್ಲೇ ಹೋಯ್ತು.

ಈಗ ಬೊಲೆರೊ ಮಾತಿಗೆ ಬರ್ತೀನಿ. ಲೋಡ್ ಸೇರಿ ಒಟ್ಟು ಮೂರೂವರೆ ಟನ್ ಒಳಗಿನ ಈ ವರ್ಗದಲ್ಲಿ ದೇಶದಲ್ಲಿ ಮಾರಾಟ ಆಗೋ ಎರಡು ಗಾಡೀಲಿ ಹೆಚ್ಚುಕಮ್ಮಿ ಒಂದು ಮಹೀಂದ್ರದ್ದೇ. ಸುಮ್ನೆ ಬಂದದ್ದಲ್ಲ ಅದು. ಎಂಜಿನ್ 2,523 ಸಿಸಿ, ನಾಲ್ಕು ಸಿಲಿಂಡರು. ಓಟಕ್ಕಲ್ಲ, ಎಳೆಯೋಕೆ ಮಾಡಿರೋದು. ತೋಟದ ಕೆಂಪು ಮಣ್ಣಲ್ಲಿ ಪೂರ್ತಿ ಲೋಡ್ ಹಾಕಿ, ಮಳೆ ಬಂದ ಮಾರನೇ ದಿನ ಮೊದಲನೇ ಗೇರಲ್ಲಿ ಮೆಲ್ಲಗೆ ಎತ್ತಿದ್ರೆ ಆಕ್ಸಿಲರೇಟರ್ ಜಾಸ್ತಿ ಒತ್ತದೆ ಹತ್ತತ್ತೆ. ಸಣ್ಣ ಎಂಜಿನ್ನಿನ ಗಾಡಿಗೆ ಅದೇ ಜಾಗದಲ್ಲಿ ರೇಸ್ ಕೊಟ್ಟು ಕ್ಲಚ್ ಉಜ್ಜಬೇಕಾಗತ್ತೆ, ಅಲ್ಲೇ ಆಯಸ್ಸು ಕಮ್ಮಿ ಆಗೋದು. ಚಾಸಿ, ಅಂದ್ರೆ ಕೆಳಗಿನ ಕಬ್ಬಿಣದ ಚೌಕಟ್ಟು, ಜೀಪಿನ ವಂಶದ್ದು, ಹಿಂದೆ ಪ್ಲೇಟ್ ಸ್ಪ್ರಿಂಗು, ಬಿಚ್ಚೋಕೆ ಸುಲಭ. ಕೊರತೆ ಇಲ್ವಾ ಅಂದ್ರೆ ಇದೆ. ಒಳಗೆ ಸದ್ದು ಜಾಸ್ತಿ, ಖಾಲಿ ಗಾಡಿ ಗುಂಡೀಲಿ ಎಗರತ್ತೆ, ದಿನವಿಡೀ ಓಡಿಸಿದ್ರೆ ಸೊಂಟಕ್ಕೆ ಗೊತ್ತಾಗತ್ತೆ. 2022ರಿಂದ ಮ್ಯಾಕ್ಸ್ ಅಂತ ಹೊಸದು ಬಂದಿದೆ, ಅದರಲ್ಲಿ ಸೀಟು ಎತ್ತರ ಮಾಡ್ಕೋಬಹುದು, ಅದರ ಎಚ್‌ಡಿ ಮಾದರಿಯಲ್ಲಿ ಎರಡು ಟನ್ನಿನದೂ ಇದೆ, ಹತ್ತು ಅಡಿ ಬಾಡಿ. ಬರೀ ತೋಟ, ಮಂಡಿ ಅಂದ್ರೆ ಅಷ್ಟು ಉದ್ದ ನಿನಗೆ ಬೇಡ. ನಿಮ್ಮ ಮನೆ ಹತ್ರದ ಕೆರೆ ಏರಿ ತಿರುವು ನೆನಪು ಮಾಡ್ಕೋ.

ದೋಸ್ತ್ ಬಗ್ಗೆ ನಿನ್ನ ಸ್ನೇಹಿತ ಹೇಳಿದ್ದು ತಪ್ಪಲ್ಲ. ಅಶೋಕ್ ಲೇಲ್ಯಾಂಡಿನವರು ನಿಸ್ಸಾನ್ ಜೊತೆ ಸೇರಿ 2011ರಲ್ಲಿ ಹೊಸೂರಲ್ಲಿ ಮಾಡಿದ್ದು. ನಿಸ್ಸಾನ್ 2016ರಲ್ಲಿ ಬಿಟ್ಟು ಹೋಯ್ತು, ಗಾಡಿ ನಿಲ್ಲಲಿಲ್ಲ, 2020ರಲ್ಲಿ ಬಡಾ ದೋಸ್ತ್ ಕೂಡ ಬಂತು. ಮೂರು ಸಿಲಿಂಡರಿನ ಒಂದೂವರೆ ಲೀಟರ್ ಎಂಜಿನ್ನು, ಡೀಸೆಲ್ ಕಮ್ಮಿ ಕುಡಿಯತ್ತೆ. ನಿನ್ನ ಸ್ನೇಹಿತ ಹೊಸಕೋಟೆಯಿಂದ ವೈಟ್‌ಫೀಲ್ಡ್‌ಗೆ ಟಾರ್ ರೋಡಲ್ಲಿ ಮಾಲು ಹೊಡೆಯೋನು, ಅವನಿಗೆ ಅದು ಒಳ್ಳೆ ಲೆಕ್ಕ. ಇಂಟ್ರಾನೂ ಹಾಗೇ, ಸ್ಟೀರಿಂಗ್ ಹಗುರ, ಟ್ರಾಫಿಕ್ಕಲ್ಲಿ ಆರಾಮ. ವಿ20ಯಲ್ಲಿ ಪೆಟ್ರೋಲು, ಸಿಎನ್‌ಜಿ ಎರಡೂ ಇದೆ. ಮಾರುತಿ ಸೂಪರ್ ಕ್ಯಾರಿ ಸಿಎನ್‌ಜಿ ಹೊರೋದು 625 ಕೆಜಿ ಅಷ್ಟೇ, ಅದು ಹೂವು, ಬ್ರೆಡ್ಡು ಸಾಗಿಸೋರಿಗೆ. ಐಸುಜು ಡಿ-ಮ್ಯಾಕ್ಸ್ ನಮಗೆ ದೂರ ಇಲ್ಲದ ಆಂಧ್ರದ ಶ್ರೀಸಿಟೀಲಿ ತಯಾರಾಗತ್ತೆ, ಗಾಡಿ ಬಹಳ ಗಟ್ಟಿ, ಆದ್ರೆ ನಿನಗೆ ಬೇಕಾದಾಗ ಪಾರ್ಟ್ ಸಿಗೋದು ಕಷ್ಟ. ಟೊಯೋಟಾ ಹೈಲಕ್ಸ್ 30 ಲಕ್ಷದ ಆಸುಪಾಸು. ಅದು ಎಸ್ಟೇಟ್ ಮಾಲೀಕರ ಗಾಡಿ, ಟೊಮ್ಯಾಟೊ ಬಾಡಿಗೇಲಿ ಆ ದುಡ್ಡು ಹುಟ್ಟಲ್ಲ.

ಸುಮಾ, ನಿಮ್ಮ ಅಮೆರಿಕದಲ್ಲಿ ಫೋರ್ಡ್ ಎಫ್ ಸರಣಿ 1977ರಿಂದ ಪಿಕಪ್‌ಗಳಲ್ಲಿ ಮಾರಾಟಕ್ಕೆ ಮೊದಲನೇದು ಅಂತ ನಾನೂ ಓದಿದ್ದೀನಿ. ಅಲ್ಲಿ ಅದೇ ಗಾಡೀಲಿ ಮಕ್ಕಳನ್ನ ಸ್ಕೂಲಿಗೂ ಬಿಡ್ತಾರೆ, ದೋಣಿನೂ ಎಳೀತಾರೆ. ನೀನು ಟೊಯೋಟಾ ಅಂದೆ ಅಲ್ವಾ, ಅವರ ಟಕೋಮಾ, ಟಂಡ್ರಾ ಪಿಕಪ್‌ಗಳ ಚಾಸಿನೇ ತುಕ್ಕು ತಿಂದಿತ್ತು ಅಮ್ಮ. ಕೋರ್ಟಿಗೆ ಹೋಗಿ, 2016ರಲ್ಲಿ 340 ಕೋಟಿ ಡಾಲರ್‌ವರೆಗಿನ ರಾಜಿಗೆ ಒಪ್ಪಿದ್ರು. ಹಿಮ ಕರಗ್ಲಿ ಅಂತ ರಸ್ತೆಗೆ ಉಪ್ಪು ಹಾಕ್ತಾರಲ್ಲ, ಅಂಥ ಕಡೆ ಅದು ಇನ್ನೂ ಜಾಸ್ತಿ.

ಉಪ್ಪು ಅಂದ್ರೆ ಏನು ಅಂತ ನನಗೆ ಚೆನ್ನಾಗಿ ಗೊತ್ತು. ನಾನು ಕೆಲಸ ಕಲಿತದ್ದು ಮಂಗಳೂರು ಬಂದರಿನ ಹತ್ತಿರ. ಮೀನಿನ ಗಾಡಿ ಬರ್ತಿದ್ವು, ಬಾಡಿಯಿಂದ ಐಸ್ ನೀರು, ಉಪ್ಪು ನೀರು ತೊಟ್ಟಿಕ್ಕಿ ಚಾಸಿ ಒಳಗೇ ಇಳೀತಿತ್ತು. ಎಂಜಿನ್ ಗುಂಡು ಕಲ್ಲಿನ ಹಾಗಿರೋದು, ಹಿಂದೆ ಸ್ಪ್ರಿಂಗ್ ಕೂರೋ ಬ್ರಾಕೆಟ್ ಹತ್ರ ಸ್ಕ್ರೂಡ್ರೈವರ್ ತಿವಿದ್ರೆ ಪದರ ಪದರವಾಗಿ ಕಬ್ಬಿಣ ಉದುರೋದು. ಎಂಜಿನ್ನಿಗೆ ರಿಂಗ್, ಪಿಸ್ಟನ್ ಹಾಕಿ ಎಬ್ಬಿಸಬಹುದು, ಚಾಸಿ ಕೊಳೆತ ಗಾಡಿಗೆ ಮದ್ದಿಲ್ಲ.

ಇದನ್ನ ಯಾಕೆ ಹೇಳ್ದೆ ಅಂದ್ರೆ, ಕಿರಣ, ಬ್ರೋಕರ್ ತೋರಿಸಿರೋ ಮೂರು ವರ್ಷದ ಸೆಕೆಂಡ್ ಹ್ಯಾಂಡ್ ಪಿಕಪ್ಪಿನ ಫೋಟೋ ನೋಡ್ದೆ. ಬೆಲೆ ಕಮ್ಮಿ ಇದೆ, ಹೊರಗೆ ಫಳಫಳ ಅಂತಿದೆ. ಆದ್ರೆ ಆರ್‌ಸೀಲಿ ರಿಜಿಸ್ಟ್ರೇಷನ್ ಕೆಎ-19, ಮಂಗಳೂರಿನದು. ಮೀನು ಹೊಡೆದ ಗಾಡಿನೇ ಅಂತ ನಾನು ಹೇಳಲ್ಲ, ನೋಡದೆ ಅಡ್ವಾನ್ಸ್ ಮಾತ್ರ ಕೊಡಬೇಡ. ಚಾಸಿಗೆ ಹೊಸ ಕಪ್ಪು ಪೇಂಟ್ ಹೊಡೆದಿದ್ರೆ ಅನುಮಾನ ಪಡು. ಹಿಂದಿನ ಪ್ಲೇಟ್ ಸೆಟ್‌ನ ಪ್ಲೇಟುಗಳನ್ನ ಎಣಿಸು, ಎಡಕ್ಕೂ ಬಲಕ್ಕೂ ಕಂಪನಿ ಕೊಟ್ಟಿದ್ದಕ್ಕಿಂತ ಒಂದೆರಡು ಜಾಸ್ತಿ ಇದ್ರೆ ಓವರ್‌ಲೋಡ್ ಹೊಡೆದ ಗಾಡಿ. ಕ್ಯಾಬಿನ್ ಹಿಂದೆ, ಲೋಡ್ ಬಾಡಿ ಶುರುವಾಗೋ ಜಾಗದಲ್ಲಿ ಚಾಸಿಗೆ ವೆಲ್ಡಿಂಗ್ ಮಾಡಿದ್ರೆ ಅಲ್ಲಿಂದಲೇ ವಾಪಸ್ ಬಾ. ಇನ್ನೊಂದು, 2020ರಿಂದ ಈಚೆಗೆ ಬಂದಿರೋದೆಲ್ಲಾ ಬಿಎಸ್-6, ಅಂದ್ರೆ ಹೊಸ ಹೊಗೆ ನಿಯಮದ ಗಾಡಿ. ಸೆನ್ಸರು ಜಾಸ್ತಿ, ಸ್ಕ್ಯಾನರ್ ಇಲ್ಲದೆ ತೊಂದರೆ ಗೊತ್ತಾಗಲ್ಲ. ನನ್ನ ಹತ್ರ ಸ್ಕ್ಯಾನರ್ ಇದೆ, ತರ್ತೀನಿ.

ಅಕ್ಕ, ಈಗ ನಿನ್ನ ಮಾತಿಗೆ. ಬಾಕ್ಸ್ 2,000 ದಾಟಿದ್ದನ್ನ 2023ರಲ್ಲಿ ನೋಡಿದ್ದೀವಿ, ರೇಟಿಲ್ಲದೆ ರಸ್ತೆಗೆ ಸುರಿದದ್ದನ್ನೂ ನೋಡಿದ್ದೀವಿ. ಕಂತು ಎರಡು ಕಾಲಕ್ಕೂ ಒಂದೇ. ಅದಕ್ಕೆ ಬರೀ ನಮ್ಮ ಮಾಲು ನಂಬ್ಕೊಂಡು ಕಂತು ಕಟ್ತೀನಿ ಅನ್ನಬಾರದು, ಬೇರೆಯವರ ಬಾಡಿಗೆ ಎಷ್ಟು ಸಿಗತ್ತೆ ಅಂತ ಮೊದಲು ಹಿಡೀಬೇಕು. ಇಲ್ಲೂ ಜಾಸ್ತಿ ಓಡೋ ಗಾಡಿ ಕಾಪಾಡತ್ತೆ. ಕಷ್ಟ ಬಂದು ಮಾರ್ಬೇಕು ಅಂದ್ರೆ ಬೊಲೆರೊ ಪಿಕಪ್‌ಗೆ ವಾರದೊಳಗೆ ಗಿರಾಕಿ ಬರ್ತಾನೆ. ಕಮ್ಮಿ ಮಾರಾಟ ಆಗೋ ಕಂಪನಿದನ್ನ ಮಾರೋಕೆ ಹೋದ್ರೆ ಕೇಳಿದ ರೇಟಿಗೆ ಕೊಡಬೇಕು. ಹೊಸದಕ್ಕೆ ಸಾಲ ಮಾಡೋದಾದ್ರೆ ಮುಂಗಡ ಜಾಸ್ತಿ ಕಟ್ಟಿ ಕಂತು ಇಳಿಸಿ, ನನ್ನಿಂದ ಆದಷ್ಟು ನಾನೂ ಸೇರಿಸ್ತೀನಿ. ಇದರ ಬಗ್ಗೆ ಗ್ರೂಪಲ್ಲಿ ಬೇಡ, ಫೋನ್ ಮಾಡ್ತೀನಿ.

ಲೈಸೆನ್ಸ್ ಚಿಂತೆ ಬೇಡ ಕಿರಣ. ಕಾರಿನ ಎಲ್‌ಎಂವಿ ಲೈಸೆನ್ಸಲ್ಲೇ 7,500 ಕೆಜಿ ಒಳಗಿನ ಸರಕು ಗಾಡಿ ಓಡಿಸಬಹುದು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರಲ್ಲಿ ಇನ್ನೊಂದು ಸಲ ಖಚಿತ ಮಾಡಿದೆ. ಪರ್ಮಿಟ್ ಮಾತ್ರ ಗಮನಿಸು. ಲೋಡ್ ಸೇರಿ ಒಟ್ಟು ತೂಕ 3,000 ಕೆಜಿ ಒಳಗಿದ್ರೆ ಪರ್ಮಿಟ್ ಬೇಡ, 1.7 ಟನ್ ಬೊಲೆರೊ ಆ ಗೆರೆ ದಾಟತ್ತೆ. ಮದನಪಲ್ಲಿ ಮಂಡಿಗೂ ಹೋಗೋ ಆಲೋಚನೆ ಇದ್ರೆ ಅದು ಆಂಧ್ರ, ನ್ಯಾಷನಲ್ ಪರ್ಮಿಟ್ಟಿಗೆ ಏನೇನು ಬೇಕು ಅಂತ ಆರ್‌ಟಿಒದಲ್ಲಿ ಮೊದಲೇ ಕೇಳ್ಕೊಂಡು ಬಾ.

ಹಾಗಾಗಿ ನನ್ನ ಮಾತು ಬೊಲೆರೊ ಪಿಕಪ್ 1.7 ಟನ್. ಆ ಮಂಗಳೂರು ಗಾಡಿ ನೋಡ್ಲೇಬೇಕು ಅಂದ್ರೆ ಭಾನುವಾರ ಬೆಳಗ್ಗೆ ಏಳಕ್ಕೆ ನಾನು ಬರ್ತೀನಿ. ಬ್ರೋಕರ್‌ಗೆ ಹೇಳಿಡು, ನಾವು ಬರೋವರೆಗೆ ಎಂಜಿನ್ ಸ್ಟಾರ್ಟ್ ಮಾಡಬಾರದು. ರಾತ್ರಿಯೆಲ್ಲಾ ನಿಂತು ತಣ್ಣಗಾಗಿರೋ ಎಂಜಿನ್ನೇ ನನಗೆ ಕೇಳಬೇಕು.