ಸತ್ತ ಹಕ್ಕಿಯ ಚಿತ್ರವನ್ನು ದುಡ್ಡು ಕೊಟ್ಟು ಗೋಡೆಗೆ ಹಾಕುತ್ತಿದ್ದರಾ?

ಪ್ರಶ್ನೆ:
ಡಚ್ ಕಲಾವಿದ ಯಾನ್ ಬಾಪ್ಟಿಸ್ಟ್ ವೇನಿಕ್ಸ್ ಬಿಡಿಸಿದ ಗೌಜಲ ಹಕ್ಕಿಯನ್ನು ಸ್ಕ್ರೀನ್ ಮೇಲೆ ದೊಡ್ಡದು ಮಾಡಿ ನೋಡ್ತಾ ಕೂತಿದ್ದೇನೆ. ನೆದರ್‌ಲ್ಯಾಂಡ್ಸ್‌ನ ಹೇಗ್ ನಗರದ ಮೌರಿಟ್ಸ್‌ಹೌಸ್ ಮ್ಯೂಸಿಯಂನದು, 1650ರ ಆಸುಪಾಸಿನದು. ಬೋಳು ಗೋಡೆ, ಒಂದು ಮೊಳೆ, ತಲೆಕೆಳಗಾಗಿ ನೇತಾಡುವ ಹಕ್ಕಿ, ಅಷ್ಟೇ. ಊದಿದರೆ ಎದೆಯ ಪುಕ್ಕ ಅಲುಗಾಡುತ್ತೇನೋ ಅನ್ನಿಸುತ್ತೆ. ಆದ್ರೂ ಇದನ್ನು ಮನೆಯಲ್ಲಿ ಯಾಕೆ ಹಾಕಿಕೊಳ್ಳಬೇಕು? ಸಾವು ನೆನಪಿರಲಿ ಅಂತಲಾ?

ಉತ್ತರ 1:
ಹೌದು, ಡಚ್ ಸ್ಟಿಲ್ ಲೈಫ್ (ಹೂವು, ಹಣ್ಣು, ಸತ್ತ ಬೇಟೆಯಂಥ ಅಲುಗಾಡದ ವಸ್ತುಗಳ ಚಿತ್ರ) ಎಲ್ಲಾ ಅದೇ ಅಲ್ವಾ. ಬದುಕು ನಶ್ವರ ಅಂತ.

ಉತ್ತರ 2:
ಎಲ್ಲಾ ಅಲ್ಲ. ತಲೆಬುರುಡೆ, ಮರಳುಗಡಿಯಾರ, ಆರಿದ ದೀಪ ಇಟ್ಟಿದ್ದರೆ ಒಪ್ಪುತ್ತೇನೆ. ಬೇಟೆಯ ಹಕ್ಕಿ ಕಂಡಲ್ಲೆಲ್ಲ ಸಾವಿನ ಪಾಠ ಹುಡುಕೋದು ಸುಮ್ನೆ ಹಠ. ಆಗ ಡಚ್ ಗಣರಾಜ್ಯದಲ್ಲಿ ಬೇಟೆಯಾಡೋಕೆ ಎಲ್ಲರಿಗೂ ಬಿಡುತ್ತಿರಲಿಲ್ಲ, ಅದು ಹೆಚ್ಚಾಗಿ ಶ್ರೀಮಂತ ಮನೆತನಗಳ ಹಕ್ಕು. ವ್ಯಾಪಾರದಲ್ಲಿ ದುಡ್ಡು ಮಾಡಿದ ಆಮ್‌ಸ್ಟರ್‌ಡ್ಯಾಮ್‌ನವರಿಗೆ ಆ ಗತ್ತು ಬೇಕಿತ್ತು. ಹಕ್ಕು ಸಿಗದಿದ್ದರೇನು, ಚಿತ್ರ ಸಿಗುತ್ತಿತ್ತಲ್ಲ!

ವಿಲ್ಲೆಮ್ ವಾನ್ ಆಲ್ಸ್ಟ್‌ನ ಚಿತ್ರಗಳನ್ನು ನೋಡಿ. ಇಟಲಿಯ ಫ್ಲಾರೆನ್ಸ್‌ನಲ್ಲಿ ಆಳುತ್ತಿದ್ದ ಮೆಡಿಚಿ ಮನೆತನಕ್ಕೆ ಕೆಲಸ ಮಾಡಿ, 1657ರಲ್ಲಿ ಆಮ್‌ಸ್ಟರ್‌ಡ್ಯಾಮ್‌ಗೆ ಬಂದು ನೆಲೆಸಿದವನು. ಹಕ್ಕಿಯ ಪಕ್ಕದಲ್ಲಿ ನೀಲಿ ಮಖಮಲ್ಲಿನ ಬೇಟೆಚೀಲ, ಕೆಳಗೆ ಅಮೃತಶಿಲೆಯ ಕಟ್ಟೆ. ಬಡವನ ಅಡುಗೆಮನೆ ಹಾಗಿರುತ್ತಾ?

ತಲೆಕೆಳಗೆ ಯಾಕೆ ಅಂದರೆ, ಬೇಟೆಯ ಹಕ್ಕಿಯನ್ನು ಹಾಗೆ ನೇತುಹಾಕಿ ಇಡೋದು ವಾಡಿಕೆ, ಮಾಂಸ ಮೆತ್ತಗಾಗುತ್ತೆ. ಕಲಾವಿದನಿಗೂ ಲಾಭ. ಸತ್ತ ಹಕ್ಕಿಯ ರೆಕ್ಕೆ ತಾನಾಗೇ ಜೋತುಬಿದ್ದು ಬಿಚ್ಚಿಕೊಳ್ಳುತ್ತೆ. ಕುಳಿತ ಹಕ್ಕಿ ಮುಚ್ಚಿಟ್ಟುಕೊಳ್ಳುವ ಒಳಗರಿ, ಹೊಟ್ಟೆಯ ಹತ್ತಿರದ ನಯವಾದ ತುಪ್ಪಳ ಎಲ್ಲಾ ಕಾಣುತ್ತೆ. ಗಟ್ಟಿ ಗರಿ, ಮೆತ್ತನೆ ಗರಿ ಎರಡನ್ನೂ ಒಂದೇ ಕುಂಚದವನು ತೋರಿಸಬೇಕು, ಕೈಚಳಕದ ಪರೀಕ್ಷೆ ಅಲ್ಲೇ.

ಉತ್ತರ 1:
ಹಾಗಾದ್ರೆ ರೆಂಬ್ರಾಂಟ್‌ನ ಸತ್ತ ನವಿಲುಗಳ ಚಿತ್ರ? ಅದರಲ್ಲಿ ರಕ್ತವಿದೆ.

ಉತ್ತರ 2:
ಅದು ಬೇರೆ ಜಾತಿ, 1639ರ ಸುಮಾರಿನದು. ಒಂದು ನವಿಲು ನೇತಾಡ್ತಿದೆ, ಇನ್ನೊಂದರ ಕೆಳಗೆ ರಕ್ತ, ಕಿಟಕಿಯಿಂದ ಒಬ್ಬ ಹುಡುಗಿ ನೋಡ್ತಿದ್ದಾಳೆ. ಅಲ್ಲಿ ಸಾವಿನ ಮಾತು ತೆಗೆದರೆ ನಾನು ಜಗಳಕ್ಕೆ ಬರಲ್ಲ. ವೇನಿಕ್ಸ್‌ನ ಗೌಜಲದಲ್ಲಿ ಗರಿಯೇ ಎಲ್ಲಾ.

ಪ್ರಶ್ನೆ ಕೇಳಿದವರು:
ಬದುಕಿರುವ ಹಕ್ಕಿ ಯಾರೂ ಬಿಡಿಸಲಿಲ್ವಾ?

ಉತ್ತರ 2:
ಮೆಲ್ಕಿಯೋರ್ ಹೊಂಡೆಕೂಟರ್! ಇದೇ ವೇನಿಕ್ಸ್‌ನ ಹೆಂಡತಿಯ ಸೋದರನ ಮಗ, ಅವನ ಹತ್ತಿರವೇ ಕಲಿತವನು. ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂನಲ್ಲಿ ಅವನ ಪೆಲಿಕನ್ ಚಿತ್ರ ಇದೆ, ಮುಂದಿನ ನೀರಲ್ಲಿ ಒಂದು ಗರಿ ತೇಲ್ತಿದೆ. ಆ ಗರಿಯನ್ನು ಜೂಮ್ ಮಾಡಿ.